ಎರಡು ಡಾಲರ್ ಹದಿಮೂರು ಸೆಂಟ್

ಡಲ್ಲಾಸ್ ಹತ್ತಿರದ ಒಂದು ಹೋಟೆಲು. ನಾಲ್ಕು ಜನ ಉಂಡೆದ್ದಿದ್ದೆವು, ಬಿಲ್ಲು 68 ಡಾಲರ್ ಆಗಿತ್ತು. ಅದರ ಕೆಳಗೊಂದು ಖಾಲಿ ಗೆರೆ. ಗೆರೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅವರೇ ಗುಣಿಸಿಟ್ಟ ಲೆಕ್ಕ: ಶೇ 18 ಆದರೆ 12.24, ಶೇ 20 ಆದರೆ 13.60, ಶೇ 22 ಆದರೆ 14.96. ಅಕ್ಕನ ಮಗ ಪೆನ್ನು ತೆಗೆದು ಎರಡನೆಯದನ್ನು ಬರೆದ. ಅಮೆರಿಕಕ್ಕೆ ಹೊಸದಾಗಿ ಹೋದ ನಮ್ಮವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ, ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದೆ. ಸಾವಿರದ ಮೇಲಾಯಿತು. ಬಸವನಗುಡಿಯ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದು, ಖಾಲಿ ತಟ್ಟೆಯನ್ನು ನಾನೇ ಟಬ್ಬಿಗೆ ಹಾಕಿ ಬರುವ ಆಸಾಮಿ ನಾನು. ‘ಅಷ್ಟೊಂದು ಟಿಪ್ಸಾ?’ ಅಂದೆ. ಅವನು ತಲೆಯೆತ್ತದೆ ಹೇಳಿದ: ‘ಮಾವ, ಅದು ಟಿಪ್ಸ್ ಅಲ್ಲ. ಅವಳ ಸಂಬಳ.’

ಹುಡುಗ ಮಾತಿಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ನೋಡಿದರೆ ಕಾನೂನೇ ಹಾಗಿದೆ.

ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈಯಲ್ಲಿ ಅಷ್ಟಕ್ಕೆ ಏರಿದ್ದು ಮತ್ತೆ ಮೇಲೇಳಲಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ಒಂದು ವಾರವೂ ತಪ್ಪದೆ ದುಡಿದರೆ ಕೈಗೆ ಬರುವುದು 15,080 ಡಾಲರ್. ಆ ದೇಶದಲ್ಲಿ ಇದು ಬಾಡಿಗೆಗೇ ಸಾಲದ ಹಣ. ಟಿಪ್ಸ್ ಬರುವ ಕೆಲಸದವರಿಗೆ ಮಾಲೀಕ ಇದನ್ನೂ ಕೊಡಬೇಕಾಗಿಲ್ಲ. ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸ್ ಸಿಗುವ ಕೆಲಸವಾದರೆ ಗಲ್ಲಾಪೆಟ್ಟಿಗೆಯಿಂದ ಗಂಟೆಗೆ 2.13 ಡಾಲರ್ ಎಣಿಸಿದರೆ ಮುಗಿಯಿತು. ಮಿಕ್ಕ 5.12 ಡಾಲರನ್ನು ಊಟಕ್ಕೆ ಬಂದ ಗಿರಾಕಿ ತುಂಬಬೇಕು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗಿರಾಕಿ ಕೈ ಬಿಗಿಹಿಡಿದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕೆಂದು ಕಾನೂನಿನಲ್ಲಿದೆ. ಆದರೆ ಲೆಕ್ಕದ ಪುಸ್ತಕ ಇರುವುದು ಅವನ ಕೈಯಲ್ಲಿ. ಕೊರತೆಯಾಯಿತು ಎಂದು ಬಾಯಿಬಿಡಬೇಕಾದವಳು ಮುಂದಿನ ವಾರದ ಪಾಳಿಯನ್ನು ಅವನಿಂದಲೇ ಪಡೆಯಬೇಕು. ಹೋಟೆಲ್ ಕೆಲಸದಲ್ಲಿ ಪಾಳಿಯೇ ಬದುಕು. ಶನಿವಾರ ರಾತ್ರಿ ಸಿಕ್ಕರೆ ಜೇಬು ತುಂಬುತ್ತದೆ, ಮಂಗಳವಾರ ಮಧ್ಯಾಹ್ನ ಸಿಕ್ಕರೆ ನೊಣ ಹೊಡೆಯಬೇಕು. ಬಾಯಿಬಿಟ್ಟವಳಿಗೆ ಮಂಗಳವಾರ ಗ್ಯಾರಂಟಿ. ಇನ್ನೊಂದು ವಿಚಿತ್ರ ನೋಡಿ. ಟಿಪ್ಸಿನ ಮೇಲಿನ ತೆರಿಗೆಯನ್ನೂ ಈ 2.13ರ ಸಂಬಳದಿಂದಲೇ ಮುರಿದುಕೊಳ್ಳುವುದರಿಂದ ಎಷ್ಟೋ ಜನರ ಸಂಬಳದ ಚೆಕ್ಕಿನಲ್ಲಿ ಕೊನೆಗೆ ಉಳಿಯುವ ಮೊತ್ತ ಸೊನ್ನೆ, ಇಲ್ಲವೇ ನಾಲ್ಕಾರು ಡಾಲರು. ಎರಡು ವಾರ ದುಡಿದು ಸೊನ್ನೆಯ ಚೆಕ್ಕು ಮನೆಗೊಯ್ಯುವುದು ಅಲ್ಲಿ ಆಶ್ಚರ್ಯದ ವಿಷಯವೇ ಅಲ್ಲ.

ಇದು ದೇಶದ ಎಲ್ಲ ಕಡೆಯೂ ಇಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನೆವಾಡಾ, ಮಿನೆಸೋಟ, ಮೊಂಟಾನಾ, ಅಲಾಸ್ಕಾ ಈ ಏಳು ರಾಜ್ಯಗಳಲ್ಲಿ ಟಿಪ್ಸ್ ಬರಲಿ ಬಿಡಲಿ, ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು. ಇನ್ನು ಕೆಲವು ರಾಜ್ಯಗಳು 2.13ಕ್ಕಿಂತ ಮೇಲೆ, ಪೂರ್ತಿಗಿಂತ ಕೆಳಗೆ ಎಲ್ಲೋ ನಡುವೆ ನಿಂತಿವೆ. ನಮ್ಮ ಕನ್ನಡದ ಹುಡುಗರು ಈಗೀಗ ಮನೆ ಕೊಂಡು ನೆಲೆಯೂರುತ್ತಿರುವ ಡಲ್ಲಾಸ್, ಅಟ್ಲಾಂಟಾ, ಶಾರ್ಲೆಟ್ ಊರುಗಳು ಇರುವ ಟೆಕ್ಸಸ್, ಜಾರ್ಜಿಯಾ, ನಾರ್ತ್ ಕೆರೊಲಿನಾಗಳಲ್ಲಿ ಮಾತ್ರ ಅದೇ ಎರಡು ಡಾಲರ್ ಹದಿಮೂರು ಸೆಂಟ್.

ಟಿಪ್ಸ್ ಅಮೆರಿಕದ ಹುಟ್ಟು ಗುಣವೇನಲ್ಲ. ಯುರೋಪಿನ ಸಾಹುಕಾರರ ಮನೆಗಳಲ್ಲಿ ಆಳುಕಾಳುಗಳಿಗೆ ಕೊಡುತ್ತಿದ್ದ ಇನಾಮು ಅದು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ಪ್ರವಾಸ ಹೋದ ಅಮೆರಿಕದ ಶ್ರೀಮಂತರು ಈ ಶೋಕಿಯನ್ನು ಊರಿಗೆ ತಂದರು. ಆಗ ಜನ ಅದನ್ನು ಮೆಚ್ಚಲಿಲ್ಲ. ರಾಜರಿಲ್ಲದ ದೇಶದಲ್ಲಿ ಒಬ್ಬ ಪ್ರಜೆ ಇನ್ನೊಬ್ಬ ಪ್ರಜೆಯ ಮುಂದೆ ಕೈಯೊಡ್ಡುವುದೇನು ಎಂದು ಸಿಟ್ಟಾದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ನಿಷೇಧಿಸಿ ಕಾನೂನನ್ನೇ ಮಾಡಿತು, ಬೆನ್ನಿಗೆ ಇನ್ನೂ ಕೆಲವು ರಾಜ್ಯಗಳು ಮಾಡಿದವು. ಯಾವುದೂ ಬಾಳಲಿಲ್ಲ, 1926ರ ಹೊತ್ತಿಗೆ ಎಲ್ಲವೂ ರದ್ದಾಗಿದ್ದವು. ಏಕೆಂದರೆ ಅಷ್ಟರಲ್ಲಿ ಟಿಪ್ಸಿನಿಂದ ಲಾಭ ಮಾಡಿಕೊಳ್ಳುವ ದಾರಿ ಮಾಲೀಕರಿಗೆ ಸಿಕ್ಕಿತ್ತು. ಆ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಪುಲ್‌ಮನ್ ಕಂಪನಿ.

ಜಾರ್ಜ್ ಪುಲ್‌ಮನ್ 1867ರಲ್ಲಿ ರೈಲಿನ ಸ್ಲೀಪರ್ ಬೋಗಿಗಳ ಕಂಪನಿ ಕಟ್ಟಿದ. ಮಖಮಲ್ಲಿನ ಆಸನ, ಹಿತ್ತಾಳೆಯ ದೀಪ, ರಾತ್ರಿಯಾದರೆ ಬಿಳಿ ಹಾಸಿಗೆ. ಪ್ರಯಾಣಿಕರ ಸೇವೆಗೆ ಬೋಗಿಗೊಬ್ಬ ಪೋರ್ಟರ್. ಅಂತರ್ಯುದ್ಧ ಮುಗಿದು ಎರಡೇ ವರ್ಷ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೆಲಸ ಹುಡುಕುತ್ತಿದ್ದರು. ಯಜಮಾನನ ಕಣ್ಸನ್ನೆ ಓದಿ ಅಭ್ಯಾಸವಾದವರೇ ಬೇಕೆಂದು ಪುಲ್‌ಮನ್ ಅವರನ್ನೇ ಆರಿಸಿಕೊಂಡ. ಸಂಬಳ ಹೆಸರಿಗಷ್ಟೇ, ಹೊಟ್ಟೆ ತುಂಬುವುದು ಪ್ರಯಾಣಿಕನ ಇನಾಮಿನಿಂದ.

ಪೋರ್ಟರನ ಒಂದು ದಿನ ಹೀಗಿತ್ತು. ರೈಲು ಹೊರಡುವ ಎಷ್ಟೋ ಹೊತ್ತು ಮೊದಲೇ ಬಂದು ಬೋಗಿ ಸಜ್ಜು ಮಾಡಬೇಕು, ಅದಕ್ಕೆ ಸಂಬಳವಿಲ್ಲ. ಸಾಮಾನು ಹೊರಬೇಕು, ಹಾಸಿಗೆ ಬಿಡಿಸಬೇಕು, ನಡುರಾತ್ರಿ ಗಂಟೆ ಬಾರಿಸಿದರೆ ಓಡಬೇಕು. ಎಲ್ಲರೂ ಮಲಗಿದ ಮೇಲೆ ಸಾಲು ಬೂಟುಗಳನ್ನು ಎದುರಿಗಿಟ್ಟುಕೊಂಡು ಪಾಲಿಶ್ ಹಚ್ಚಬೇಕು. ಆ ಪಾಲಿಶಿನ ಡಬ್ಬಿಯ ಖರ್ಚೂ ಅವನದೇ, ಊಟದ ಖರ್ಚೂ ಅವನದೇ. ತಿಂಗಳಿಗೆ 400 ಗಂಟೆ ಅಥವಾ 11,000 ಮೈಲಿ ಆಗುವವರೆಗೆ ಪೂರ್ತಿ ಸಂಬಳದ ಮಾತಿಲ್ಲ. ಅವನ ಹೆಸರೇನೇ ಇರಲಿ, ಪ್ರಯಾಣಿಕರು ಕರೆಯುತ್ತಿದ್ದುದು ‘ಜಾರ್ಜ್’ ಎಂದು. ಹಿಂದೆ ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ರೂಢಿ ಹೀಗೆ ರೈಲು ಹತ್ತಿತು. ಇದರಲ್ಲೊಂದು ತಮಾಷೆ ಇದೆ. 1914ರಲ್ಲಿ ಜಾರ್ಜ್ ಎಂಬ ಹೆಸರಿನ ಬಿಳಿಯ ಗಣ್ಯರೆಲ್ಲ ಸೇರಿ, ಪೋರ್ಟರುಗಳನ್ನು ಜಾರ್ಜ್ ಎಂದು ಕರೆಯುವುದನ್ನು ತಡೆಯಲು ಸಂಘವನ್ನೇ ಕಟ್ಟಿದರು. ಅವರಿಗೆ ನೋವಾಗಿದ್ದು ತಮ್ಮ ಹೆಸರು ಕೆಟ್ಟಿತು ಎಂದು!

1915ರಲ್ಲಿ ಸರ್ಕಾರದ ಕೈಗಾರಿಕಾ ಆಯೋಗ ಪುಲ್‌ಮನ್ ಕಂಪನಿಯನ್ನು ವಿಚಾರಣೆಗೆ ಕರೆಯಿತು. ಹೊಸ ಪೋರ್ಟರನ ಸಂಬಳ ಆಗ ತಿಂಗಳಿಗೆ 27.50 ಡಾಲರ್. ಕಂಪನಿಯ ಪರವಾಗಿ ಸಾಕ್ಷಿ ಹೇಳಲು ಬಂದವರು ಅದರ ಅಧ್ಯಕ್ಷರಾಗಿದ್ದು ಬಳಿಕ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದ ರಾಬರ್ಟ್ ಟಾಡ್ ಲಿಂಕನ್. ಹೌದು, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ ಅಬ್ರಹಾಂ ಲಿಂಕನ್ ಅವರ ಮಗ. ಅಪ್ಪ ಬಿಡಿಸಿದವರ ಮಕ್ಕಳು ಮಗನ ಕಂಪನಿಯಲ್ಲಿ ಇನಾಮಿಗೆ ಕೈಯೊಡ್ಡಿ ನಿಂತಿದ್ದರು.

ಈ ಪೋರ್ಟರುಗಳು 1925ರ ಆಗಸ್ಟ್ 25ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸೇರಿ ಯೂನಿಯನ್ ಕಟ್ಟಿದರು. ನಾಯಕನನ್ನಾಗಿ ಆರಿಸಿಕೊಂಡದ್ದು ಒಂದು ದಿನವೂ ಪೋರ್ಟರ್ ಕೆಲಸ ಮಾಡದ ಎ. ಫಿಲಿಪ್ ರಾಂಡಾಲ್ಫ್ ಎಂಬ ಪತ್ರಿಕಾ ಸಂಪಾದಕನನ್ನು. ಜಾಣತನ ಅಂದರೆ ಇದು: ಕಂಪನಿಯ ನೌಕರನೇ ಅಲ್ಲದವನನ್ನು ಕಂಪನಿ ಕೆಲಸದಿಂದ ತೆಗೆಯುವುದು ಹೇಗೆ? ಉಳಿದವರಿಗೆ ಆ ರಕ್ಷಣೆ ಇರಲಿಲ್ಲ. ಗೂಢಚಾರರು ಬಂದರು, ಸದಸ್ಯರಾದವರ ಕೆಲಸ ಹೋಯಿತು, ಅವರ ಬದಲಿಗೆ ಫಿಲಿಪೀನ್ಸಿನಿಂದ ಬಂದವರನ್ನು ತುಂಬಿಸಲು ಕಂಪನಿ ಶುರುಮಾಡಿತು. ಹೆಂಡತಿಯರು ಮನೆಗಳಲ್ಲಿ ಸಭೆ ಸೇರಿಸಿ, ಊಟ ಮಾರಿ ಚಂದಾ ಎತ್ತಿದರು. ಒಂದು ಹಂತದಲ್ಲಿ ಸದಸ್ಯರ ಸಂಖ್ಯೆ ಕೆಲವೇ ನೂರಕ್ಕೆ ಇಳಿದಿತ್ತು. ಕೊನೆಗೆ ಪುಲ್‌ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರ ಆಗಸ್ಟ್ 25ರಂದು. ಯೂನಿಯನ್ ಹುಟ್ಟಿ ಸರಿಯಾಗಿ ಹನ್ನೆರಡು ವರ್ಷ. ತಿಂಗಳ ಕೆಲಸ 400 ಗಂಟೆಯಿಂದ 240ಕ್ಕೆ ಇಳಿಯಿತು, ಸಂಬಳ ಏರಿತು. ಯೂನಿಯನ್ನಿನ ಬಲ ರೈಲಿಗಷ್ಟೇ ನಿಲ್ಲಲಿಲ್ಲ. ವರ್ಣಭೇದದ ವಿರುದ್ಧ ಮಾಂಟ್‌ಗೊಮೆರಿಯಲ್ಲಿ ನಡೆದ ಬಸ್ ಬಹಿಷ್ಕಾರವನ್ನು 1955ರಲ್ಲಿ ಸಂಘಟಿಸಿದವರಲ್ಲಿ ಒಬ್ಬರಾದ ಇ. ಡಿ. ನಿಕ್ಸನ್ ಇದೇ ಯೂನಿಯನ್ನಿನ ಪೋರ್ಟರ್. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ವಾಷಿಂಗ್ಟನ್ ಮೆರವಣಿಗೆಯ ಮುಂದಾಳು ಇದೇ ರಾಂಡಾಲ್ಫ್.

ರೈಲಿನಲ್ಲಿ ಗೆದ್ದದ್ದು ಹೋಟೆಲಿಗೆ ಬರಲಿಲ್ಲ. ಪೋರ್ಟರುಗಳ ಒಪ್ಪಂದದ ಮರುವರ್ಷ, 1938ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ ಇಡೀ ದೇಶಕ್ಕೆ ಅನ್ವಯವಾಗುವ ಕನಿಷ್ಠ ವೇತನ ಕಾನೂನು ತಂದಿತು. ಗಂಟೆಗೆ 25 ಸೆಂಟ್. ಹೊಲದ ಕೂಲಿಗಳು, ಮನೆಗೆಲಸದವರು, ಹೋಟೆಲಿನವರು ಅದರಿಂದ ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಈ ಕೆಲಸಗಳನ್ನು ಮಾಡುತ್ತಿದ್ದವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ಹೋಟೆಲಿನವರನ್ನು ಒಳಗೆ ಸೇರಿಸಿಕೊಂಡರು, ಆದರೆ ಅರ್ಧ ಬಾಗಿಲು ಮುಚ್ಚಿ: ಸಂಬಳದ ಅರ್ಧವನ್ನು ಟಿಪ್ಸಿನಲ್ಲಿ ಸರಿಹೊಂದಿಸಿಕೊಳ್ಳಲು ಮಾಲೀಕನಿಗೆ ಅವಕಾಶ ಕೊಟ್ಟರು. 1991ರಲ್ಲಿ ಕನಿಷ್ಠ ವೇತನ 4.25 ಡಾಲರ್ ಆದಾಗ ಅದರ ಅರ್ಧವೇ ಈ 2.13. ಅಲ್ಲಿಯವರೆಗೆ ಒಂದು ಏರಿದರೆ ಇನ್ನೊಂದೂ ಏರುತ್ತಿತ್ತು. 1996ರಲ್ಲಿ ಕನಿಷ್ಠ ವೇತನ ಏರಿಸುವಾಗ ಹೋಟೆಲ್ ಮಾಲೀಕರ ಸಂಘದವರು ಪಟ್ಟುಹಿಡಿದು ಆ ನಂಟನ್ನು ಕತ್ತರಿಸಿ ಹಾಕಿಸಿದರು. ಅಂದಿನಿಂದ ಹಾಲಿನ ಬೆಲೆ, ಬಾಡಿಗೆ, ಪೆಟ್ರೋಲು ಎಲ್ಲ ಏರಿವೆ. ಆ 13 ಸೆಂಟು 14 ಆಗಿಲ್ಲ.

ಇದೇ ಕೆಲಸ, ಇದೇ ತಟ್ಟೆ, ಇದೇ ನಗು ಲಾಸ್ ವೇಗಾಸ್‌ನಲ್ಲಿ ಬೇರೆಯೇ ಬದುಕು ಕೊಡುತ್ತದೆ. ಅಲ್ಲಿ ಕಲಿನರಿ ಯೂನಿಯನ್ ಎಂಬ ಸಂಘವಿದೆ. 1935ರಲ್ಲಿ ಹುಟ್ಟಿದ್ದು, ಈಗ ಸುಮಾರು 60,000 ಸದಸ್ಯರು. ಕೋಣೆ ಗುಡಿಸುವವರು, ಅಡುಗೆಯವರು, ಬಡಿಸುವವರು, ಸಾಮಾನು ಹೊರುವವರು. ಹೆಚ್ಚಿನವರು ಹೆಂಗಸರು, ವಲಸೆ ಬಂದವರು. ಇವರಿಗೆ ಪೂರ್ತಿ ಸಂಬಳವಿದೆ, ಪಿಂಚಣಿ ಇದೆ, ತಿಂಗಳ ಕಂತು ಕಟ್ಟದ ಆರೋಗ್ಯ ವಿಮೆ ಇದೆ. ಈ ಕೊನೆಯದರ ಬೆಲೆ ಗೊತ್ತಾಗಬೇಕಾದರೆ ಅಮೆರಿಕದಲ್ಲಿ ಒಮ್ಮೆ ಆಸ್ಪತ್ರೆಯ ಬಿಲ್ಲು ನೋಡಿರಬೇಕು. ಟಿಪ್ಸ್ ಇವರಿಗೂ ಬರುತ್ತದೆ, ಬಂದದ್ದು ಮೇಲೆ ಬಂದದ್ದು.

ಇದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. 1991ರ ಸೆಪ್ಟೆಂಬರ್ 21ರಂದು ಫ್ರಾಂಟಿಯರ್ ಎಂಬ ಹೋಟೆಲಿನ 550 ಕೆಲಸಗಾರರು ಹೊರಗೆ ಬಂದು ರಸ್ತೆಯ ಮೇಲೆ ನಿಂತರು. ಮಾಲೀಕರು ಸಂಬಳ, ಪಿಂಚಣಿ, ವಿಮೆ ಮೂರಕ್ಕೂ ಕತ್ತರಿ ಹಾಕಹೊರಟಿದ್ದರು. ಆಗ ಯೂನಿಯನ್ನಿನ ಅಧ್ಯಕ್ಷೆ ಹ್ಯಾಟಿ ಕ್ಯಾಂಟಿ. ಅಲಬಾಮಾದಿಂದ ಬಂದ ಕಪ್ಪು ಹೆಂಗಸು, ಹತ್ತು ಮಕ್ಕಳ ತಾಯಿ, ಗಂಡ ತೀರಿಕೊಂಡ ಮೇಲೆ ಹೋಟೆಲಿನ ಕೋಣೆಗಳಲ್ಲಿ ಹಾಸಿಗೆ ಮಡಿಸಿ ಸಂಸಾರ ಸಾಗಿಸಿದವರು. ವೇಗಾಸ್ ಮರುಭೂಮಿಯ ಊರು. ಬೇಸಿಗೆಯಲ್ಲಿ ಹಗಲಿನ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಹೋಟೆಲ್ ದಿನದ 24 ಗಂಟೆಯೂ ತೆರೆದಿರುತ್ತದೆ, ಹಾಗಾಗಿ ಮುಷ್ಕರವೂ 24 ಗಂಟೆ. ಪಾಳಿಯ ಮೇಲೆ ಫಲಕ ಹಿಡಿದು ಗೇಟಿನ ಮುಂದೆ ಅತ್ತಿಂದಿತ್ತ ನಡೆದರು. ವಾರ ಕಳೆಯಿತು, ವರ್ಷ ಕಳೆಯಿತು. ಮಕ್ಕಳು ಹುಟ್ಟಿದವು, ಮುಷ್ಕರದ ನಡುವೆಯೇ ಕೆಲವರು ತೀರಿಕೊಂಡರು. 550 ಮಂದಿಯಲ್ಲಿ ಒಬ್ಬರೂ ಆ ಗೆರೆ ದಾಟಿ ಒಳಗೆ ಕೆಲಸಕ್ಕೆ ಹೋಗಲಿಲ್ಲ.

ಮಾಲೀಕರು ಕೊನೆಗೆ ಹೋಟೆಲನ್ನೇ ಮಾರಿದರು. ಹೊಸ ಮಾಲೀಕ ಒಪ್ಪಂದಕ್ಕೆ ಬಂದು, ಹೊರಗಿದ್ದವರು ಮತ್ತೆ ಒಳಗೆ ನಡೆದದ್ದು 1998ರ ಜನವರಿ ಕೊನೆಯಲ್ಲಿ. ಆರು ವರ್ಷ, ನಾಲ್ಕು ತಿಂಗಳು, ಹತ್ತು ದಿನ. 2007ರಲ್ಲಿ ಆ ಕಟ್ಟಡವನ್ನು ಉರುಳಿಸಿದರು. ಹೋಟೆಲು ಹೋಯಿತು, ಯೂನಿಯನ್ ಉಳಿಯಿತು. 2023ರ ಕೊನೆಯಲ್ಲಿ ಊರಿನ ದೊಡ್ಡ ಕ್ಯಾಸಿನೊ ಕಂಪನಿಗಳ ಜೊತೆ ಅದು ಮಾಡಿಕೊಂಡ ಒಪ್ಪಂದದಲ್ಲಿ ಐದು ವರ್ಷಕ್ಕೆ ಶೇ 32ರಷ್ಟು ಹೆಚ್ಚಳವಿದೆ. ಮುಷ್ಕರದ ದಿನ ನಿಗದಿಯಾಗಿತ್ತು. ಅದಕ್ಕೆ ಮೊದಲೇ ಕಂಪನಿಗಳು ಒಪ್ಪಿದವು. ಆರು ವರ್ಷ ನಿಂತವರ ನೆನಪು ಆ ಊರಿನಲ್ಲಿ ಇನ್ನೂ ಹಸಿರಾಗಿದೆ.

ನೆವಾಡಾ ಯೂನಿಯನ್ನುಗಳಿಗೆ ಅನುಕೂಲದ ರಾಜ್ಯವೂ ಅಲ್ಲ. 1947ರಲ್ಲಿ ಅಧ್ಯಕ್ಷ ಟ್ರೂಮನ್ ಬೇಡವೆಂದರೂ ಅಮೆರಿಕದ ಸಂಸತ್ತು ಟಾಫ್ಟ್-ಹಾರ್ಟ್ಲೀ ಎಂಬ ಕಾನೂನು ತಂದಿತು. ಯೂನಿಯನ್ ದುಡಿದು ತಂದ ಸಂಬಳ, ವಿಮೆಯನ್ನೆಲ್ಲ ಅನುಭವಿಸುವ ಕೆಲಸಗಾರ ಅದಕ್ಕೆ ಚಂದಾ ಕೊಡಲೇಬೇಕೆಂದು ಕರಾರು ಮಾಡಿಕೊಳ್ಳುವುದನ್ನು ರಾಜ್ಯಗಳು ನಿಷೇಧಿಸಬಹುದು ಎಂದು ಅದರಲ್ಲಿದೆ. ಇಂಥ ನಿಷೇಧ ಈಗ 26 ರಾಜ್ಯಗಳಲ್ಲಿದೆ. ಅದಕ್ಕೆ ಇಟ್ಟಿರುವ ಹೆಸರು ಮಾತ್ರ ಚೆಂದ: ‘ಕೆಲಸದ ಹಕ್ಕು’ ಕಾನೂನು. ನೆವಾಡಾ ಅವುಗಳಲ್ಲೊಂದು. ಅಲ್ಲಿ ಚಂದಾ ಕೊಡುವವರು ಕಾನೂನಿನ ಬಲವಂತಕ್ಕೆ ಕೊಡುತ್ತಿಲ್ಲ.

ಉಳಿದ ದೇಶದ ಚಿತ್ರ ಹೀಗಿಲ್ಲ. 1950ರ ದಶಕದಲ್ಲಿ ಅಮೆರಿಕದ ಕಾರ್ಮಿಕರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಯೂನಿಯನ್ನಿನಲ್ಲಿದ್ದರು. 2024ರಲ್ಲಿ ಆ ಪ್ರಮಾಣ ಶೇ 9.9. ಖಾಸಗಿ ಕಂಪನಿಗಳಷ್ಟನ್ನೇ ತೆಗೆದುಕೊಂಡರೆ ಶೇ 5.9. ಊಟದ ಹೋಟೆಲುಗಳಲ್ಲಂತೂ ನೂರಕ್ಕೆ ಇಬ್ಬರ ಆಸುಪಾಸು. ನಮ್ಮಲ್ಲಿ ಸಂಘದ ನೋಂದಣಿಗೆ ಏಳು ಜನ ಸೇರಿ ಅರ್ಜಿ ಹಾಕಬಹುದು. ಅಲ್ಲಿ ಶೇ 30ರಷ್ಟು ಮಂದಿ ಸಹಿ ಮಾಡಿದ ಕಾರ್ಡು ಕೊಟ್ಟ ಮೇಲೆ ಕಾರ್ಮಿಕ ಮಂಡಳಿ ಗುಪ್ತ ಮತದಾನ ನಡೆಸುತ್ತದೆ. ಚುನಾವಣೆಯ ದಿನದವರೆಗೂ ಕಂಪನಿ ವಕೀಲರನ್ನು, ಸಲಹೆಗಾರರನ್ನು ಕರೆಸಿ ಪ್ರಚಾರ ಮಾಡುತ್ತದೆ. ಮತದಾನದಲ್ಲಿ ಗೆದ್ದರೂ ಸಿಗುವುದು ಮಾತುಕತೆಗೆ ಕೂರುವ ಹಕ್ಕು ಮಾತ್ರ. ಬಫಲೋ ಊರಿನ ಸ್ಟಾರ್‌ಬಕ್ಸ್ ಅಂಗಡಿಯೊಂದರಲ್ಲಿ 2021ರ ಡಿಸೆಂಬರ್‌ನಲ್ಲಿ 19-8 ಮತಗಳಿಂದ ಯೂನಿಯನ್ ಗೆದ್ದಿತು. ದೇಶವೆಲ್ಲ ಅದನ್ನು ನೋಡಿ ಎದ್ದಿತು, ಮೂರು ವರ್ಷದಲ್ಲಿ 500ಕ್ಕೂ ಹೆಚ್ಚು ಅಂಗಡಿಗಳು ಅದೇ ದಾರಿ ಹಿಡಿದವು. 2024 ಮುಗಿಯುವಾಗಲೂ ಒಂದು ಅಂಗಡಿಗೂ ಸಂಬಳದ ಒಪ್ಪಂದ ಆಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಂಗ್ಲಿಷಿನಲ್ಲಿ ಇದೆಯೋ ಇಲ್ಲವೋ, ಅನುಭವ ಇದೆ.

ಹಾಗಾದರೆ ಟಿಪ್ಸ್ ತೆಗೆದು ಸಂಬಳ ಕೊಟ್ಟುಬಿಟ್ಟರಾಯಿತಲ್ಲ ಎಂದು ನಾನೂ ಅಕ್ಕನ ಮಗನನ್ನು ಕೇಳಿದೆ. ಅಷ್ಟು ಸಲೀಸಲ್ಲ. ನ್ಯೂಯಾರ್ಕಿನ ಹೆಸರುವಾಸಿ ಹೋಟೆಲ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸ್ ನಿಲ್ಲಿಸಿ, ಊಟದ ಬೆಲೆ ಏರಿಸಿ, ಸಂಬಳ ಹೆಚ್ಚಿಸಲು ಹೊರಟರು. 2020ರಲ್ಲಿ ಕೈಬಿಟ್ಟರು. ದುಬಾರಿ ಹೋಟೆಲಿನ ಸಪ್ಲೈಯರಿಗೆ ಟಿಪ್ಸಿನಿಂದಲೇ ಸಂಬಳದ ಮೂರ್ನಾಲ್ಕು ಪಟ್ಟು ಬರುವುದುಂಟು, ಅವರಿಗೆ ಬದಲಾವಣೆ ಬೇಡ. ಮ್ಯಾಸಚೂಸೆಟ್ಸ್‌ನ ಮತದಾರರು 2024ರಲ್ಲಿ ಪೂರ್ತಿ ಸಂಬಳದ ಪ್ರಸ್ತಾಪವನ್ನು ತಿರಸ್ಕರಿಸಿದರು. ಬೇಡವೆಂದವರಲ್ಲಿ ಸಪ್ಲೈಯರುಗಳೂ ಇದ್ದರು. ರಾಜಧಾನಿ ವಾಷಿಂಗ್ಟನ್ನಿನ ಜನ 2018ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಪೂರ್ತಿ ಸಂಬಳ ಬೇಕೆಂದು ಮತ ಹಾಕಿದರೆ, ಮೊದಲ ಸಲ ನಗರಸಭೆ ರದ್ದು ಮಾಡಿತು, ಎರಡನೇ ಸಲ ಅರ್ಧದಾರಿಯಲ್ಲಿ ನಿಲ್ಲಿಸಿತು.

ಆದರೂ ನನಗೆ ಈ ಪದ್ಧತಿಯ ಪರವಾದ ಮಾತು ಒಪ್ಪಿಗೆಯಾಗುವುದಿಲ್ಲ. ಒಳ್ಳೆಯ ಸೇವೆಗೆ ಹೆಚ್ಚು ಟಿಪ್ಸ್ ಅನ್ನುತ್ತಾರೆ. ದಶಕಗಳಿಂದ ಇದನ್ನೇ ಅಧ್ಯಯನ ಮಾಡುತ್ತಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಕಂಡುಕೊಂಡದ್ದು, ಸೇವೆಯ ಗುಣಕ್ಕೂ ಟಿಪ್ಸಿನ ಮೊತ್ತಕ್ಕೂ ಇರುವ ನಂಟು ತೀರಾ ಸಡಿಲ ಎಂದು. ಕಪ್ಪು ಸಪ್ಲೈಯರಿಗೆ ಬಿಳಿಯರಿಗಿಂತ ಕಡಿಮೆ ಸಿಗುತ್ತದೆ ಎಂಬುದೂ ಅವರ ಅಧ್ಯಯನದಲ್ಲಿ ಹೊರಬಂದಿದೆ. 1996ರ ಇನ್ನೊಂದು ಪ್ರಯೋಗದಲ್ಲಿ ಬಿಲ್ಲಿನ ಹಿಂದೆ ನಗುಮುಖದ ಚಿತ್ರ ಬರೆದ ಹುಡುಗಿಗೆ ಟಿಪ್ಸ್ ಹೆಚ್ಚಿತು, ಹುಡುಗನಿಗೆ ಹೆಚ್ಚಲಿಲ್ಲ. ಬಾಡಿಗೆ ಕಟ್ಟುವ ದುಡ್ಡು ಎದುರಿಗೆ ಕೂತವನ ಖುಷಿಯ ಮೇಲೆ ನಿಂತಾಗ, ಅವನು ಆಡಿದ ಕೊಳಕು ಮಾತಿಗೂ ಆ ಹುಡುಗಿ ನಗಬೇಕಾಗುತ್ತದೆ.

2024ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಇದೇ ವೇಗಾಸ್‌ಗೆ ಬಂದು, ಟಿಪ್ಸಿನ ಮೇಲೆ ತೆರಿಗೆಯಿಲ್ಲ ಎಂದು ಘೋಷಿಸಿದರು. ಎರಡು ತಿಂಗಳಲ್ಲಿ ಕಮಲಾ ಹ್ಯಾರಿಸ್ ಅವರೂ ಅದೇ ಊರಿಗೆ ಬಂದು ಅದನ್ನೇ ಹೇಳಿದರು. 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸಿಗೆ 2028ರವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ. ಕೇಳಲು ಹಿತ. ಆದರೆ ಟಿಪ್ಸ್ ನಂಬಿದವರಲ್ಲಿ ಮೂರರಲ್ಲಿ ಒಬ್ಬರ ಆದಾಯ ಎಷ್ಟು ಕಡಿಮೆ ಎಂದರೆ ಅವರು ಮೊದಲೇ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಮಾಲೀಕನಿಗೆ ಇದರಲ್ಲಿ ಒಂದು ಸೆಂಟೂ ಖರ್ಚಿಲ್ಲ. 2.13ರ ವಿಷಯ ಕಾನೂನಿನಲ್ಲಿ ಬರಲೇ ಇಲ್ಲ.

ಇನಾಮಿನ ಈ ವಿದ್ಯೆ ಈಗ ಫೋನಿಗೂ ಬಂದಿದೆ. ನ್ಯೂಯಾರ್ಕ್ ನಗರ ಊಟ ತಲುಪಿಸುವ ಹುಡುಗರಿಗೆ 2023ರಲ್ಲಿ ಕನಿಷ್ಠ ವೇತನ ಜಾರಿಗೆ ತಂದ ಕೂಡಲೇ ದೊಡ್ಡ ಆ್ಯಪ್‌ಗಳು ಟಿಪ್ಸ್ ಕೇಳುವ ಜಾಗವನ್ನು ಆರ್ಡರ್ ಮುಗಿದ ನಂತರದ ಪುಟಕ್ಕೆ ತಳ್ಳಿದವು. ಬೆಂಗಳೂರಿನಲ್ಲಿ ಅದು ತಿರುಗುಮುರುಗಾಗಿತ್ತು. ಆಟೊ ಬೇಗ ಬೇಕೇ, ಮೊದಲೇ ಟಿಪ್ಸ್ ಸೇರಿಸಿ ಎಂದು ಫೋನು ಕೇಳುತ್ತಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ಇದನ್ನು ಅನೈತಿಕ ಎಂದರು, ಉಬರ್ ಕಂಪನಿಗೆ ಗ್ರಾಹಕ ರಕ್ಷಣಾ ಪ್ರಾಧಿಕಾರದ ನೋಟಿಸೂ ಹೋಯಿತು. ಸೇವೆಗೆ ಮೊದಲೇ ಕೊಡುವುದು ಟಿಪ್ಸ್ ಹೇಗಾದೀತು ಎಂಬುದು ಅವರ ಪ್ರಶ್ನೆಯಾಗಿತ್ತು. ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೇಳಿದ ಆಟೊದವನನ್ನು ಬೈದು ಅಭ್ಯಾಸವಾದ ನಾವು, ಅದೇ ಇಪ್ಪತ್ತನ್ನು ಕಂಪನಿ ಕೇಳಿದಾಗ ಬೆರಳೊತ್ತಿ ಕೊಟ್ಟೆವು.

ಬೇಸಿಗೆ ರಜೆಗೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರಿಗೆ ಒಂದು ಮಾತು. ಹೋಟೆಲಿನಲ್ಲಿ ಬಿಲ್ಲು ಬಂದಾಗ, ಅದರಲ್ಲೂ ಟೆಕ್ಸಸ್, ಜಾರ್ಜಿಯಾ, ನಾರ್ತ್ ಕೆರೊಲಿನಾ ಕಡೆ, ರೂಪಾಯಿ ಲೆಕ್ಕ ಮರೆತು ಶೇ 20 ಇಡಿ. ಸಾಧ್ಯವಾದರೆ ನೋಟಿನಲ್ಲೇ ಇಡಿ. ಕಾರ್ಡಿನಲ್ಲಿ ಕೊಟ್ಟ ಟಿಪ್ಸಿನಿಂದ ಕಾರ್ಡ್ ಕಂಪನಿಯ ಶುಲ್ಕವನ್ನು ಮುರಿದುಕೊಳ್ಳಲು ಹಲವು ರಾಜ್ಯಗಳಲ್ಲಿ ಮಾಲೀಕನಿಗೆ ಅವಕಾಶವಿದೆ.